ಅರ್ಜಿ ಹಾಕಲಿ, ಪಹಣಿ ಮಾತ್ರ ಮನೇಲೇ ಇರಲಿ

ನಮ್ಮ ಅಣ್ಣನ ಮಗಳು ವಿಮಾನ ಕಂಪನಿಯೊಂದರ ತರಬೇತಿ ಪೈಲಟ್ ಯೋಜನೆಗೆ ಅರ್ಜಿ ಹಾಕಿದ್ದಾಳೆ. ಕೃಷಿಕರ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಅಂತ ಯಾರಾದರೂ ಕೇಳಬಹುದು. ಅರ್ಜಿ ಹಾಕಿದ ಮೂರನೇ ವಾರಕ್ಕೆ ಅಣ್ಣನ ಜಮೀನು ಮಾತಿಗೆ ಬಂತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಯಲಹಂಕದಿಂದ ದೊಡ್ಡಬಳ್ಳಾಪುರ ರಸ್ತೆಯಲ್ಲಿ ರಾಜಾನುಕುಂಟೆ ದಾಟಿದ ಮೇಲೆ ಸಿಗುವ ಊರು. ಅಣ್ಣನಿಗೆ ಉಳಿದಿರುವುದು 1 ಎಕರೆ 10 ಗುಂಟೆ. ಅದರಲ್ಲಿ ಬಟನ್ ಗುಲಾಬಿ, ಸ್ವಲ್ಪ ದ್ರಾಕ್ಷಿ, ಹಿಂದುಗಡೆ ರಾಗಿ. ಸುತ್ತಮುತ್ತ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಬ್ರೋಕರು ಬಂದು ಹೇಳಿದ್ದು ಹೀಗೆ: "ಗೌಡ್ರೇ, ಪೂರ್ತಿ ಮಾರಿ ಅಂತ ಯಾರು ಹೇಳ್ತಾರೆ? ರಸ್ತೆ ಪಕ್ಕದ 15 ಗುಂಟೆ ಕೊಡಿ ಸಾಕು, ಮಗಳು ಪೈಲಟ್ ಆಗ್ತಾಳೆ." ಕೇಳಲಿಕ್ಕೆ ಸರಿಯಾಗೇ ಇದೆ. ಆದರೆ ಬೋರ್‌ವೆಲ್ ಇರುವುದು ಆ 15 ಗುಂಟೆಯಲ್ಲಿ. ಟೆಂಪೋ ಒಳಗೆ ಬರುವ ದಾರಿಯೂ ಅಲ್ಲೇ. ಅದು ಹೋದರೆ ಉಳಿದ 35 ಗುಂಟೆಗೆ ನೀರೂ ಇಲ್ಲ, ದಾರಿಯೂ ಇಲ್ಲ. ಎರಡು ವರ್ಷ ಬಿಟ್ಟು ಅದೇ ಬ್ರೋಕರು ಅದನ್ನೂ ಕೇಳಲು ಬರುತ್ತಾನೆ.

ಮಗಳು ಅರ್ಜಿ ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಊರಲ್ಲಿ ಹಾಗೆ ಹೇಳುವವರು ಬೇಕಾದಷ್ಟಿದ್ದಾರೆ, ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅಂತ ಬೇರೆ. 2021ರ ಜನವರಿ 11ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಏರ್ ಇಂಡಿಯಾ ವಿಮಾನ ಬಂದು ಇಳಿದದ್ದು ನಮ್ಮ ದೇವನಹಳ್ಳಿಯಲ್ಲೇ. ನಡೆಸಿದವರೆಲ್ಲ ಹೆಂಗಸರು. ನಮ್ಮ ದೇಶದ ಪೈಲಟ್‌ಗಳಲ್ಲಿ ನೂರಕ್ಕೆ 15ರ ಆಸುಪಾಸು ಹೆಂಗಸರಿದ್ದಾರೆ, ಲೋಕದ ಸರಾಸರಿಗಿಂತ ಇದು ಬಹಳ ಹೆಚ್ಚು. ನಮ್ಮ ಹುಡುಗಿಗೆ ಆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ. ಹುಟ್ಟಿದಾಗಿನಿಂದ ತಲೆ ಮೇಲೆ ವಿಮಾನ ನೋಡಿಕೊಂಡೇ ಬೆಳೆದವಳು. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಶೋ ಆದರೆ ನಮ್ಮ ಹಟ್ಟಿಯ ದನ ಬೆದರಿ ಹಗ್ಗ ಕೀಳುತ್ತವೆ. ಇವಳು ಮಾತ್ರ ಮಾಳಿಗೆ ಬಿಟ್ಟು ಇಳಿಯುತ್ತಿರಲಿಲ್ಲ.

ರೈತರ ಮಕ್ಕಳಿಗೆ ಇದು ಹತ್ತುವುದಿಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಹವಾಮಾನದ್ದೇ ಒಂದು ವಿಷಯ ಇದೆ. ಅದರ ಪುಸ್ತಕ ನನಗೆ ತೋರಿಸಿ "ಚಿಕ್ಕಪ್ಪಾ, ಇದೆಲ್ಲ ನಿಮಗೆ ಗೊತ್ತಿರೋದೇ" ಅಂದಳು. ಹೌದು, ಇಬ್ಬನಿ ಯಾಕೆ ಕೂರುತ್ತೆ, ಮಂಜು ಯಾವಾಗ ಕವಿಯುತ್ತೆ, ಮೋಡ ಯಾವುದು ಗುಡುಗಿನದು, ಎಲ್ಲ ಅದರಲ್ಲಿದೆ. ಯಾವ ಮಂಜಿಗೆ ನಮ್ಮ ದ್ರಾಕ್ಷಿಗೆ ಡೌನಿ ರೋಗ ತಗಲುತ್ತೋ ಅದೇ ಮಂಜಿಗೆ ದೇವನಹಳ್ಳಿಯಲ್ಲಿ ಬೆಳಗಿನ ವಿಮಾನ ತಡ ಆಗುತ್ತೆ. ಇನ್ನೊಂದು ಸಂಗತಿ ನೋಡಿ. ಜಕ್ಕೂರು, ಯಲಹಂಕ, ದೇವನಹಳ್ಳಿ, ಈ ಮೂರೂ ಕಡೆ ರನ್‌ವೇ ಹಾಕಿರುವುದು ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ. ಯಾಕೆಂದರೆ ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಇಲ್ಲಿ ಗಾಳಿ ಪಡುವಲಿಂದ, ಹಿಂಗಾರು ಕಳೆದು ಚಳಿ ಬಿದ್ದಾಗ ಮೂಡಲಿಂದ. ಔಷಧಿ ಹೊಡೆಯುವ ಪ್ರತಿಯೊಬ್ಬ ರೈತನಿಗೂ ಇದು ಗೊತ್ತು.

ಹಾಗಾದರೆ ತಕರಾರು ಎಲ್ಲಿ? ದುಡ್ಡು ಕೇಳುವ ಕ್ರಮದಲ್ಲಿ.

ಕಂಪನಿಗಳ ಈ ಯೋಜನೆಯಲ್ಲಿ ನಡೆಯುವುದು ಸ್ಥೂಲವಾಗಿ ಇಷ್ಟು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರುವವರು ಅರ್ಜಿ ಹಾಕುತ್ತಾರೆ. ಬುದ್ಧಿ, ಕೈ ಕಣ್ಣಿನ ಹೊಂದಾಣಿಕೆ ನೋಡುವ ಪರೀಕ್ಷೆ, ಗುಂಪಿನಲ್ಲಿ ಮಾತು, ಸಂದರ್ಶನ. ಪಾಸಾದರೆ ಒಂದು ಕಾಗದ ಕೊಡುತ್ತಾರೆ. ಆಮೇಲೆ ಕೆಲವು ತಿಂಗಳು ಪಾಠ, ಹೊರದೇಶದಲ್ಲೋ ಇಲ್ಲೋ ಒಟ್ಟು 200 ಗಂಟೆ ಹಾರಾಟ, ಡಿಜಿಸಿಎಯಿಂದ ಕಮರ್ಷಿಯಲ್ ಪೈಲಟ್ ಲೈಸೆನ್ಸು. ಅದಾದ ಮೇಲೆ ಆ ಕಂಪನಿ ಓಡಿಸುವ ವಿಮಾನದ ಮೇಲೇ ಬೇರೆ ತರಬೇತಿ, ಅದಕ್ಕೆ ಟೈಪ್ ರೇಟಿಂಗ್ ಅಂತಾರೆ. ಎರಡು ವರ್ಷದ ಮೇಲಿನ ಕೆಲಸ. ಎಲ್ಲ ಸೇರಿ ಖರ್ಚು ಕೋಟಿಯ ಆಸುಪಾಸು. ಇದನ್ನು ಕಂಪನಿ ಹಾಕುವುದಿಲ್ಲ, ಹುಡುಗರ ಮನೆಯವರು ಹಾಕಬೇಕು. ಊರಲ್ಲಿ ಎಷ್ಟೋ ಜನ ಇದನ್ನು ನೌಕರಿಯ ಅರ್ಜಿ ಅಂದುಕೊಂಡಿದ್ದಾರೆ. ನಾವು ದುಡ್ಡು ಕಟ್ಟಿ ಸೇರುವ ಕೋರ್ಸು ಇದು, ನೌಕರಿಯ ಭರವಸೆ ಅದರ ಬಾಲಕ್ಕೆ ಕಟ್ಟಿದೆ. ಆ ಭರವಸೆ ಕೂಡ ಷರತ್ತಿನದು. ಎಲ್ಲ ಹಂತ ಪಾಸಾಗಬೇಕು, ಆ ಹೊತ್ತಿಗೆ ಕಂಪನಿಗೆ ಆಳು ಬೇಕಿರಬೇಕು.

ಈಗ ಬೇಕಾಗಿದೆ, ಸುಳ್ಳಲ್ಲ. 2023ರಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ, ಇಂಡಿಗೋ 500 ವಿಮಾನಕ್ಕೆ ಆರ್ಡರು ಕೊಟ್ಟವು. ಅವಕ್ಕೆ ಪೈಲಟ್‌ಗಳು ಬೇಕೇ ಬೇಕು. ಆದರೆ ಇದೇ ಧಂದೆಯಲ್ಲಿ ನಮ್ಮ ಕಣ್ಣೆದುರೇ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಟೊಮೆಟೊಗೆ ರೇಟು ಬಂದ ವರ್ಷ ಎಲ್ಲರೂ ಟೊಮೆಟೊ ಹಾಕಿ ಮರುವರ್ಷ ರಸ್ತೆಗೆ ಸುರಿದವರು ನಾವು. ಇವತ್ತಿನ ರೇಟು ನೋಡಿ ಎರಡೂವರೆ ವರ್ಷದ ನಂತರದ ಕೊಯ್ಲಿಗೆ ಕೋಟಿ ಹಾಕುವಾಗ ಸ್ವಲ್ಪ ಉಸಿರು ಹಿಡಿಯಬೇಕು.

ಸಾಲ ತೆಗೆದರಾಯಿತು ಅನ್ನುತ್ತಾರೆ. ಅಣ್ಣ, ನಾನು ಬ್ಯಾಂಕಿಗೆ ಹೋದೆವು. ಇಷ್ಟು ದೊಡ್ಡ ಶಿಕ್ಷಣ ಸಾಲಕ್ಕೆ ಆಸ್ತಿ ಆಧಾರ ಬೇಕು. ಆಧಾರಕ್ಕೆ ನಮ್ಮ ಹತ್ತಿರ ಇರುವುದು ಪಹಣಿ. ಪಹಣಿ ನೋಡಿ ಮ್ಯಾನೇಜರು ತಲೆ ಆಡಿಸಿದರು. ಕಾರಣ 2002ರ ಸರ್ಫೇಸಿ ಕಾಯಿದೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಆಸ್ತಿ ಹರಾಜು ಹಾಕುವ ಅಧಿಕಾರ ಅದರಲ್ಲಿ ಬ್ಯಾಂಕಿಗಿದೆ, ಆದರೆ ಕೃಷಿ ಭೂಮಿಯನ್ನು ಆ ಕಾಯಿದೆಯಿಂದ ಹೊರಗಿಟ್ಟಿದ್ದಾರೆ. ರೈತನಿಗೆ ರಕ್ಷಣೆಯಾಗಲಿ ಅಂತಲೇ ಇಟ್ಟದ್ದು. ಅದಕ್ಕೇ ಬ್ಯಾಂಕಿಗೆ ಸೈಟು ಬೇಕು, ಮನೆ ಬೇಕು, ಠೇವಣಿ ಬೇಕು, ಹೊಲ ಬೇಡ.

ಹೆಬ್ಬಾಳದ ಕಡೆ ಒಂದು ತರಬೇತಿ ಕಚೇರಿಯಿದೆ, ಹೆಸರು ಬೇಡ. ಅಲ್ಲಿನ ಹುಡುಗ ಇದಕ್ಕೆ ಉಪಾಯ ಹೇಳಿಕೊಟ್ಟ. "ಕನ್ವರ್ಷನ್ ಮಾಡಿಸಿಬಿಡಿ ಅಂಕಲ್, ಆಮೇಲೆ ಬ್ಯಾಂಕಿನವರೇ ಕರೆದು ಕೊಡ್ತಾರೆ." ಇಲ್ಲಿ ನನ್ನ ಎದೆ ಝಲ್ಲೆಂದಿತು. ಕನ್ವರ್ಷನ್ ಆದ ದಿನವೇ ಆ ಜಮೀನು ಕಾನೂನಿನ ಲೆಕ್ಕದಲ್ಲಿ ಹೊಲ ಅಲ್ಲ. ಗುಲಾಬಿ ಅಲ್ಲೇ ಬೆಳೆಯುತ್ತಿದ್ದರೂ ರಕ್ಷಣೆ ಹೋಯಿತು. ಅಂದರೆ ಮಾರದೆಯೇ ಕಳೆದುಕೊಳ್ಳುವ ದಾರಿ ಅದು. ಇದನ್ನು ಆ ಹುಡುಗ ಹೇಳಲಿಲ್ಲ, ಅವನಿಗೆ ಗೊತ್ತಿತ್ತೋ ಇಲ್ಲವೋ.

ಕಂತಿನ ಲೆಕ್ಕವನ್ನೂ ಹಾಕಿದೆವು. 80 ಲಕ್ಷ ಸಾಲ, ನೂರಕ್ಕೆ 10 ಬಡ್ಡಿ, 15 ವರ್ಷ. ತಿಂಗಳಿಗೆ 86 ಸಾವಿರದ ಹತ್ತಿರ. ಓದುವ ಕಾಲದಲ್ಲಿ ಬೆಳೆದ ಬಡ್ಡಿ ಇದರ ಮೇಲೆ. ಕೆಲಸ ಸಿಕ್ಕಿದರೆ ಆ ಸಂಬಳಕ್ಕೆ ಇದು ಕಟ್ಟಲಾಗದ ಕಂತಲ್ಲ. ಲೈಸೆನ್ಸು ಕೈಯಲ್ಲಿದ್ದು ಕೆಲಸಕ್ಕೆ ಒಂದು ವರ್ಷ ಕಾಯಬೇಕಾಗಿ ಬಂದರೆ? ಗುಲಾಬಿ ಮಾರಿ ತಿಂಗಳಿಗೆ 86 ಸಾವಿರ ಕಟ್ಟಿದವರನ್ನು ನಮ್ಮ ಹೋಬಳಿಯಲ್ಲಿ ನಾನಂತೂ ಕಂಡಿಲ್ಲ.

ನನ್ನ ಅಭಿಪ್ರಾಯ ಏನೆಂದರೆ, ಕಡಿಮೆ ಖರ್ಚಿನ ಹಂತಗಳನ್ನೆಲ್ಲ ಮೊದಲು ಮುಗಿಸಬೇಕು. ಕಚೇರಿಗಳು ಉಲ್ಟಾ ಹೇಳುತ್ತವೆ, ಮೊದಲು ಅಡ್ವಾನ್ಸ್ ಕಟ್ಟಿ ಅಂತ. ಪೈಲಟ್‌ಗೆ ವೈದ್ಯಕೀಯ ಪರೀಕ್ಷೆ ಎರಡು ಹಂತ. ಮೊದಲು ಕ್ಲಾಸ್ 2, ಡಿಜಿಸಿಎ ಒಪ್ಪಿದ ಡಾಕ್ಟರು ಮಾಡುತ್ತಾರೆ. ಆಮೇಲೆ ಕ್ಲಾಸ್ 1. ವಾಯುಪಡೆಯ ವೈದ್ಯಕೀಯ ಸಂಸ್ಥೆಯೇ ಬೆಂಗಳೂರಲ್ಲಿದೆ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ. ಕನ್ನಡಕ ಇದ್ದ ಮಾತ್ರಕ್ಕೆ ಬೇಡ ಅನ್ನುವುದಿಲ್ಲ. ಬಣ್ಣ ಗುರುತಿಸುವುದರಲ್ಲಿ ದೋಷ ಇದ್ದರೆ ಕಷ್ಟ, ಅದು ಎಷ್ಟೋ ಜನಕ್ಕೆ ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ. ಅಡ್ವಾನ್ಸ್ ಕಟ್ಟಿ, ಹೊಲ ಮಾರಿ, ಆಮೇಲೆ ಡಾಕ್ಟರು ಬೇಡ ಅಂದರೆ ಯಾರ ಹತ್ತಿರ ಹೋಗಿ ಅಳೋದು?

ವೈದ್ಯಕೀಯ ಆದ ಮೇಲೆ ಪುಸ್ತಕದ ಪರೀಕ್ಷೆಗಳು. ವಿಮಾನದ ದಾರಿ ಲೆಕ್ಕ, ಹವಾಮಾನ, ವಾಯು ನಿಯಮ, ಯಂತ್ರದ ವಿಷಯ. ಪ್ರತಿಯೊಂದರಲ್ಲೂ ನೂರಕ್ಕೆ 70 ಬರಬೇಕು. ರೇಡಿಯೋದಲ್ಲಿ ಮಾತಾಡುವ ಪರೀಕ್ಷೆ ಬೇರೆ. ಇವನ್ನು ವಿಮಾನ ಹತ್ತುವ ಮೊದಲೇ, ಮನೆಯಲ್ಲಿದ್ದುಕೊಂಡೇ ಬರೆಯಬಹುದು. ಪಾಠಕ್ಕೆ ಖರ್ಚು ಇದೆ, ಅದು ಲಕ್ಷಗಳ ಲೆಕ್ಕ, ಕೋಟಿಯದ್ದಲ್ಲ. ಹಸು ಮಾರಿಯೋ ಒಂದು ಬೆಳೆ ದುಡ್ಡಲ್ಲೋ ಆಗುವ ಮಾತು. ಹುಡುಗಿಗೆ ಇದು ಒಗ್ಗುತ್ತೋ ಇಲ್ಲವೋ ಅನ್ನುವುದು ಇಲ್ಲೇ ಗೊತ್ತಾಗಿಬಿಡುತ್ತೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ತೊಡಕು ಇರುವುದೂ ನಿಜ, ಕಂಟ್ರೋಲ್ ಟವರಿನವರ ಜೊತೆ ಮಾತೆಲ್ಲ ಅದರಲ್ಲೇ. ಅದನ್ನು ಸರಿಮಾಡಿಕೊಳ್ಳಲು ಈ ಒಂದು ವರ್ಷ ಸಿಗುತ್ತೆ.

ಇನ್ನು ಸರ್ಕಾರದ ವಿಷಯ. ವಿಮಾನಕ್ಕೆ ನಮ್ಮ ಕಡೆಯ ರೈತರು ಕೊಟ್ಟಷ್ಟು ಭೂಮಿಯನ್ನು ಇನ್ಯಾರು ಕೊಟ್ಟಿದ್ದಾರೆ? 2008ರ ಮೇ ತಿಂಗಳಲ್ಲಿ ಶುರುವಾದ ದೇವನಹಳ್ಳಿ ನಿಲ್ದಾಣ ಕೂತಿರುವುದೇ ಸುಮಾರು 4000 ಎಕರೆಯಲ್ಲಿ. ಆಮೇಲೆ ಚನ್ನರಾಯಪಟ್ಟಣ ಹೋಬಳಿಯ 1777 ಎಕರೆಯನ್ನು ವಿಮಾನ ಬಿಡಿಭಾಗದ ಕೈಗಾರಿಕೆಗೆ ಅಂತ ಕೇಳಿದರು. ಅಲ್ಲಿನ 13 ಹಳ್ಳಿಯ ರೈತರು 2022ರಿಂದ ಮೂರು ವರ್ಷಕ್ಕೂ ಮೇಲೆ ಧರಣಿ ಕೂತ ಮೇಲೆ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟೆವು ಅಂದರು. ಇಷ್ಟೆಲ್ಲ ಆದರೂ ವಿಮಾನ ನಡೆಸುವ ಸೀಟಿಗೆ ನಮ್ಮ ಮಕ್ಕಳು ಬರಬೇಕಾದರೆ ಉಳಿದ ಭೂಮಿಯನ್ನೂ ಮಾರಬೇಕು ಅಂದರೆ ಅದು ಯಾವ ನ್ಯಾಯ?

ದಾರಿ ಇಲ್ಲದೆ ಇಲ್ಲ. ಜಕ್ಕೂರಿನಲ್ಲಿ 200ಕ್ಕೂ ಹೆಚ್ಚು ಎಕರೆಯ ವಿಮಾನಾಂಗಣ, ಸರ್ಕಾರದ್ದೇ ಹಾರಾಟ ತರಬೇತಿ ಶಾಲೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಶುರುವಾದದ್ದು. ನಮ್ಮ ಅಪ್ಪ ಯಲಹಂಕದ ಸಂತೆಗೆ ಹೋಗಿ ಬರುವಾಗ ಅಲ್ಲಿನ ಚಿಕ್ಕ ವಿಮಾನಗಳನ್ನು ನಿಂತು ನೋಡುತ್ತಿದ್ದರಂತೆ. ಬಳ್ಳಾರಿ ರಸ್ತೆಯ ಮೇಲ್ಸೇತುವೆ ಬಂದಾಗ ರನ್‌ವೇ ತುದಿಗೆ ತಕರಾರು ಎದ್ದಿತು, ಬೋಧಕರ ಕೊರತೆಯೂ ಸೇರಿ ತರಬೇತಿ ವರ್ಷಗಟ್ಟಲೆ ಕುಂಟಿತು. ಅಷ್ಟರಲ್ಲಿ ಕಲಬುರಗಿ, ಬೆಳಗಾವಿ ನಿಲ್ದಾಣಗಳಿಗೆ ಖಾಸಗಿ ಶಾಲೆಗಳು ಬಂದವು. ಕೇಂದ್ರ ಸರ್ಕಾರದ್ದು ಒಂದು ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಅಲ್ಲೂ ಅರ್ಧ ಕೋಟಿಯ ಹತ್ತಿರ. ಜಕ್ಕೂರಿನ ಶಾಲೆಗೆ ಬೇಕಾದಷ್ಟು ವಿಮಾನ, ಬೋಧಕರನ್ನು ಕೊಟ್ಟು, ಭೂಮಿ ಕೊಟ್ಟ ಹಳ್ಳಿಗಳ ಮಕ್ಕಳಿಗೆ ಇಷ್ಟು ಸೀಟು, ಇಷ್ಟು ಫೀಜು ಅಂತ ಗೊತ್ತುಮಾಡುವುದು ದೊಡ್ಡ ಮಾತೇನಲ್ಲ. ಸ್ವಾಧೀನದ ಪರಿಹಾರ ಮಾತಾಡುವಾಗ ನಮ್ಮ ಮುಖಂಡರು ಗುಂಟೆಗೆ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಇದನ್ನೂ ಕೇಳಬೇಕು.

ಕ್ಯಾಪ್ಟನ್ ಗೋಪಿನಾಥ್ ಅವರ ಉದಾಹರಣೆ ಕೊಡುವವರಿದ್ದಾರೆ. ಕೊಡಲಿ, ಒಳ್ಳೆಯದೇ. ಹೇಮಾವತಿ ಅಣೆಕಟ್ಟಿಗೆ ಅವರ ಮನೆತನದ ಜಮೀನು ಮುಳುಗಿ, ಬದಲಿಗೆ ಸಿಕ್ಕ ಬರಡು ನೆಲದಲ್ಲಿ ಜಾವಗಲ್ ಹತ್ತಿರ ರೇಷ್ಮೆ, ತೆಂಗು ಮಾಡಿದವರು. ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದವರು. ಜಕ್ಕೂರಿನಿಂದ ಹೆಲಿಕಾಪ್ಟರ್ ಕಂಪನಿ ನಡೆಸಿ, 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಮೊದಲ ವಿಮಾನವನ್ನು ಹುಬ್ಬಳ್ಳಿಗೆ ಕಳಿಸಿದರು. ಆದರೆ ಅವರು ವಿಮಾನಕ್ಕೆ ಕೈಹಾಕುವ ಮೊದಲು ವರ್ಷಗಟ್ಟಲೆ ಆ ಹೊಲದಲ್ಲಿ ನಿಂತು ಅದನ್ನು ಹೊಲ ಮಾಡಿದರು. ಉದಾಹರಣೆ ಕೊಡುವ ಬ್ರೋಕರುಗಳು ಆ ಅರ್ಧ ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಎರಡು ರಾತ್ರಿ ಮಾತುಕತೆ ಆಯಿತು. ಅತ್ತಿಗೆ ಮಾರೋಣ ಅನ್ನುವ ಕಡೆ, ಅಣ್ಣ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಕೊನೆಗೆ ಹುಡುಗಿಯೇ "ಅಪ್ಪಾ, ಬೋರ್‌ವೆಲ್ ಮಾರಬೇಡ. ಮೆಡಿಕಲ್ ಆಗ್ಲಿ, ಪೇಪರ್ ಪಾಸ್ ಮಾಡ್ತೀನಿ, ಆಮೇಲೆ ಮಾತಾಡು" ಅಂದಳು. ಕ್ಲಾಸ್ 2 ಆಗಿದೆ, ಕ್ಲಾಸ್ 1ಕ್ಕೆ ದಿನ ಕೊಟ್ಟಿದ್ದಾರೆ. ಕಂಪನಿಯಿಂದ ಮೊದಲ ಪರೀಕ್ಷೆಗೆ ಕರೆಯೂ ಬಂದಿದೆ, ಅದಕ್ಕೂ ಹೋಗುತ್ತಾಳೆ. ಹೋಗಿ ಬರಲಿ, ಅದಕ್ಕೆ ಖರ್ಚು ಹೆಚ್ಚೇನಿಲ್ಲ. ಬ್ರೋಕರಿಗೆ ಈ ಸಲ ದ್ರಾಕ್ಷಿ ಕೊಯ್ಲು ಮುಗಿಯುವ ತನಕ ಬರಬೇಡ ಅಂತ ಹೇಳಿ ಕಳಿಸಿದ್ದೇವೆ.

ಈ ಪತ್ರಿಕೆ ಓದುವವರಲ್ಲಿ ಯಾರಾದರೂ ಮಕ್ಕಳನ್ನು ಈ ದಾರಿಯಲ್ಲಿ ಕಳಿಸಿದ್ದರೆ ದಯವಿಟ್ಟು ಬರೆಯಿರಿ. ಎಲ್ಲಿ ಕಲಿತರು, ಒಟ್ಟು ಎಷ್ಟಾಯಿತು, ಲೈಸೆನ್ಸು ಬಂದ ಮೇಲೆ ಕೆಲಸಕ್ಕೆ ಎಷ್ಟು ತಿಂಗಳು ಕಾಯಬೇಕಾಯಿತು, ಆಧಾರಕ್ಕೆ ಏನು ಇಟ್ಟಿರಿ. ಲೆಕ್ಕ ಸಮೇತ ಬೇಕು.