ಹದಿಮೂರನೆಯ ಚಾನೆಲ್

ಕೋಗಿಲಿನ ಅಪಾರ್ಟ್‌ಮೆಂಟೊಂದರ ಮೂರನೆಯ ಅಂತಸ್ತಿನಲ್ಲಿ, ಒಂದು ಭಾನುವಾರ ಸಂಜೆ, ಮೊಮ್ಮಗನ ಹೆಬ್ಬೆರಳು ಅಜ್ಜಿಯ ಕಿಂಡಲ್ ಮೇಲೆ ‘ರೀಸೆಟ್’ ಎಂಬ ಪದವನ್ನು ಇನ್ನೇನು ಮುಟ್ಟುವುದರಲ್ಲಿತ್ತು.

ಅಜ್ಜಿ ನಿವೃತ್ತ ಅಧ್ಯಾಪಿಕೆ. ಅಮೆರಿಕದಲ್ಲಿ ನೆಲೆಸಿರುವ ಮಗಳು 2018ರಲ್ಲಿ ಊರಿಗೆ ಬಂದಾಗ ಆ ಇ-ರೀಡರನ್ನು ತಂದುಕೊಟ್ಟಿದ್ದಳು. 2016ರ ಡಿಸೆಂಬರಿನಲ್ಲಿ ಕಿಂಡಲ್ ಮಳಿಗೆಯು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳಿದಿತ್ತು. ಆದ್ದರಿಂದ ಹಕ್ಕುಸ್ವಾಮ್ಯ ತೀರಿದ ಹಳೆಯ ಕನ್ನಡ ಗ್ರಂಥಗಳನ್ನು ಮಗಳೇ ಅಂತರಜಾಲದಲ್ಲಿ ಹುಡುಕಿ, ವಾರಕ್ಕೊಂದರಂತೆ ಇ-ಮೇಲ್ ಮೂಲಕ ಅದಕ್ಕೆ ಕಳುಹಿಸುವಳು. ಮೂರು ವಾರಗಳಿಂದ ಏನೂ ಬಂದಿರಲಿಲ್ಲ. ಮಗಳಿಗೆ ತನ್ನ ನೆನಪು ಕಡಮೆಯಾಯಿತೆಂದು ಅಜ್ಜಿ ಒಳಗೊಳಗೇ ನೊಂದುಕೊಂಡಿದ್ದರು. ಕೇಳಿದ್ದರೆ ಅಂದೇ ತಿಳಿಯುತ್ತಿತ್ತು. ಆದರೆ ತಾಯಂದಿರು ಇಂಥದನ್ನು ಬಾಯಿಬಿಟ್ಟು ಕೇಳುವವರಲ್ಲ.

“ರೀಸೆಟ್ ಮಾಡಿದರೆ ಹೊಸದರ ಹಾಗೆ ಆಗತ್ತೆ ಅಜ್ಜಿ.”

“ಒಳಗೆ ನಿಮ್ಮ ತಾತ ಬರೆದದ್ದಿದೆಯಲ್ಲೋ!”

ಹುಡುಗನ ಕೈ ನಿಂತಿತು. ತಾತ ತಮ್ಮ ನೌಕರಿಯ ದಿನಗಳ ನೆನಪುಗಳನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ, ಕೇಬಲ್ ಜೋಡಿಸಿ ಅದರೊಳಕ್ಕೆ ಇಳಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಕಂಪ್ಯೂಟರು ಗುಜರಿಗೆ ಹೋಯಿತು. ಹಣಕೊಟ್ಟು ಕೊಂಡ ಪುಸ್ತಕಗಳನ್ನು ರೀಸೆಟ್ ಆದ ಬಳಿಕವೂ ಮತ್ತೆ ತರಿಸಿಕೊಳ್ಳಬಹುದು. ಕೇಬಲಿನಿಂದ ಇಳಿಸಿದ ಬರಹಕ್ಕೆ ಆ ಆಸರೆಯಿಲ್ಲ; ಅಳಿಸಿದರೆ ಅಳಿಸಿದಂತೆಯೇ.

ಅಷ್ಟರಲ್ಲಿ ಯಲಹಂಕದಿಂದ ತರಕಾರಿ ಕೊಂಡು ಬಂದ ಸೊಸೆ ಸಂಗತಿಯನ್ನು ಕೇಳಿದಳು. ಅವಳು ಮೊದಲು ಕೈಹಚ್ಚಿದ ಕೆಲಸ ವೈಫೈಗೆ ಸಂಬಂಧಿಸಿದ್ದೇ ಅಲ್ಲ. ಕಿಂಡಲನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ‘ಡಾಕ್ಯುಮೆಂಟ್ಸ್’ ಎಂಬ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಂಡಳು. ಮೊದಲು ಸಿಕ್ಕಿದ ಕೇಬಲ್ ಬರಿಯ ಚಾರ್ಜಿಗೆ ಬರುವಂಥದು, ಎರಡನೆಯದರಿಂದ ಕೆಲಸವಾಯಿತು. ಚಿಕಿತ್ಸೆಗೆ ಮುನ್ನ ಆಗಬೇಕಾದುದು ಇದು. ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ತಲೆಕೆಳಗಾಗಿ ನಡೆಯುತ್ತದೆ.

ಬಳಿಕ ಗುಂಡಿಯನ್ನು 40 ಸೆಕೆಂಡು ಒತ್ತಿಹಿಡಿದು ರೀಸ್ಟಾರ್ಟ್ ಮಾಡಿದ್ದಾಯಿತು. ಇದರಿಂದ ಒಳಗಿನದೇನೂ ಅಳಿಯುವುದಿಲ್ಲ. ಫಲ ದೊರೆಯಲಿಲ್ಲ. ವೈಫೈ ಪಟ್ಟಿಯಲ್ಲಿ ನೆರೆಹೊರೆಯವರ ಹೆಸರುಗಳೆಲ್ಲ ಸಾಲಾಗಿ ಕಾಣುತ್ತಿದ್ದುವು. ಸ್ವಂತ ಮನೆಯದೊಂದೇ ಇಲ್ಲ! ಪಕ್ಕದಲ್ಲಿದ್ದ ಫೋನಿಗಾದರೋ ಅದು ಚೆನ್ನಾಗಿ ಸಿಕ್ಕುತ್ತಿತ್ತು. ಸೊಸೆ ತನ್ನ ಫೋನಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸಿಗೆ ಇರಿಸಿ ತೆರೆದಳು. ಕಿಂಡಲ್ ಒಡನೆಯೇ ಅದನ್ನು ಹಿಡಿಯಿತು. ಮೂರು ವಾರಗಳ ಮೂರು ಪುಸ್ತಕಗಳು ಒಂದರ ಹಿಂದೊಂದು ಬಂದಿಳಿದವು.

ಅಜ್ಜಿ ಕನ್ನಡಕವನ್ನು ತೆಗೆದು ಒರೆಸಿಕೊಂಡರು.

“ಅತ್ತೆ, ಕಿಂಡಲ್ ಚೆನ್ನಾಗಿಯೇ ಇದೆ. ತೊಂದರೆ ರೂಟರಿನದು.”

ಮೂರು ವಾರದ ಕೆಳಗೆ ಫೈಬರ್ ಸಂಪರ್ಕ ಪಡೆದಾಗ ಹೊಸ ರೂಟರ್ ಬಂದಿತ್ತು. ಹಳೆಯ ಕಿಂಡಲ್‌ಗಳಿಗೆ ತಿಳಿದಿರುವುದು 2.4 ಗಿಗಾಹರ್ಟ್ಸಿನ ಅಲೆಗಳು ಮಾತ್ರ; 5 ಗಿಗಾಹರ್ಟ್ಸಿನದೂ 2021ರ ಪೇಪರ್‌ವೈಟಿಗೆ ಬರುತ್ತದೆ. ಈ 2.4ರ ಅಲೆಗಳನ್ನು ನಮ್ಮ ಸರ್ಕಾರ 2005ರಲ್ಲಿ ಪರವಾನಗಿಯಿಂದ ಬಿಡುಗಡೆ ಮಾಡಿತು. ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ಹಣ ಕಟ್ಟಿದ ಹಿರಿಯರಿಗೆ ಇದು ವಿನೋದವೆನಿಸಬಹುದು. ಬಿಡುಗಡೆಯ ಫಲವಾಗಿ ಮನೆಮನೆಗೂ ರೂಟರ್, ಅಲೆಗಳಿಗೆ ಒಂದೇ ನೂಕುನುಗ್ಗಲು. ಆ ಪಟ್ಟಿಯೊಳಗೆ ಭಾರತದಲ್ಲಿ 13 ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದಲ್ಲಿ ರೂಢಿಯಾಗಿ 11ಕ್ಕೇ ನಿಲ್ಲುತ್ತದೆ. ಅಲ್ಲಿಂದ ತಂದ ಎಷ್ಟೋ ಸಾಧನಗಳು 12, 13ರ ಕಡೆಗೆ ಕಿವಿಗೊಡುವುದೇ ಇಲ್ಲ. ‘ಆಟೋ’ ಎಂದಿರಿಸಿದ್ದ ಹೊಸ ರೂಟರ್, ಗದ್ದಲ ಕಡಮೆಯಿದ್ದ ಸ್ಥಳವನ್ನು ಹುಡುಕಿ, 13ನೆಯ ಚಾನೆಲಿನಲ್ಲಿ ಹೋಗಿ ಕುಳಿತಿತ್ತು!

ರೂಟರಿನ ತಳದಲ್ಲಿ ಅಚ್ಚಾಗಿದ್ದ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ಚಾನೆಲನ್ನು 6ಕ್ಕೆ ಬದಲಾಯಿಸುವುದಕ್ಕೆ ಐದು ನಿಮಿಷ ಸಾಕಾಯಿತು. ಒಂದರ ಮೇಲೊಂದು ಹಾಯದಿರುವುವು 1, 6 ಮತ್ತು 11. ಈ ಮೂರರಲ್ಲಿ ಒಂದನ್ನು ಆರಿಸುವುದು ಲೇಸು.

ಎಲ್ಲರ ಮನೆಯ ತೊಡಕೂ ಇದೇ ಆಗಿರಬೇಕಾಗಿಲ್ಲ. ಹೆಸರು ಕಂಡೂ ಸರಿಯಾದ ಪಾಸ್‌ವರ್ಡನ್ನೇ ಒಪ್ಪದಿದ್ದರೆ, ರೂಟರಿನ ರಕ್ಷಣಾಪದ್ಧತಿಯನ್ನು ಡಬ್ಲ್ಯುಪಿಎ-3ರಿಂದ ಡಬ್ಲ್ಯುಪಿಎ-2ಕ್ಕೆ ಇಳಿಸಿ ನೋಡಬೇಕು. ತಿಂಗಳುಗಟ್ಟಲೆ ಚಾರ್ಜಿಲ್ಲದೆ ಬಿದ್ದಿದ್ದ ಸಾಧನವಾದರೆ ಅದರ ಗಡಿಯಾರವನ್ನು ನೋಡಬೇಕು. ತಪ್ಪು ವೇಳೆಯೂ ಸಂಪರ್ಕಕ್ಕೆ ಅಡ್ಡಬರುತ್ತದೆ. ಇನ್ನೂ ಹಳೆಯ ಕೆಲವು ಕಿಂಡಲ್‌ಗಳಿಗೆ 2016ರ ಮಾರ್ಚ್ 22ರೊಳಗೆ ಹೊಸ ತಂತ್ರಾಂಶ ಹಾಕಿಕೊಳ್ಳಬೇಕೆಂಬ ಗಡುವಿತ್ತು. ಅದನ್ನು ತಪ್ಪಿಸಿಕೊಂಡವು ಕಂಪ್ಯೂಟರಿನ ಕೇಬಲಿನ ಮೂಲಕವೇ ಅದನ್ನು ಪಡೆಯಬೇಕಾಯಿತು.

ಅಮೆರಿಕದಲ್ಲಿ ಬೆಳಗಾಗುವ ಹೊತ್ತಿಗೆ ಕೋಗಿಲಿನಿಂದ ಫೋನು ಹೋಯಿತು. ಮೂರು ವಾರದ ಬೇಸರದ ಮಾತನ್ನು ಅಜ್ಜಿ ಎತ್ತಲಿಲ್ಲ.

“ಪುಸ್ತಕಗಳು ಬಂದವಮ್ಮ. ನಿಮ್ಮಪ್ಪ ಬರೆದದ್ದನ್ನು ನಿನಗೂ ಕಳಿಸು ಅಂತ ನಿನ್ನ ಅತ್ತಿಗೆಗೆ ಹೇಳಿದ್ದೀನಿ. ನಿನ್ನ ಹತ್ತಿರವೂ ಒಂದು ಪ್ರತಿ ಇರಲಿ.”