ಬಿಡುಗಡೆಯ ಚೀಟಿ ಯಾರ ಕೈಗೆ?

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಸ್ಕಿಜೋಫ್ರೇನಿಯಾ ಇರುವ ಮಗನಿದ್ದರೆ ಎಷ್ಟು ಬಾಗಿಲು ತಟ್ಟಬೇಕು? ಕಾಯಿಲೆ ಉಲ್ಬಣಿಸಿದರೆ ಬೆಂಗಳೂರಿನ ನಿಮ್ಹಾನ್ಸ್. ಬಳಿಕ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರಬೇಕಾದ ತಾಲ್ಲೂಕು ಆಸ್ಪತ್ರೆ. ಮಾಸಾಶನಕ್ಕೆ ನಾಡಕಚೇರಿ, ಅದಕ್ಕೂ ಮೊದಲು ಅಂಗವೈಕಲ್ಯದ ಕಾರ್ಡು. ನಡುರಾತ್ರಿಯ ಸಂಕಟಕ್ಕೆ ಟೆಲಿ-ಮನಸ್ ಸಹಾಯವಾಣಿ 14416. ಒಂದೊಂದೂ ಬೇಕಾದದ್ದೇ. ಆದರೆ ಇವನ್ನೆಲ್ಲ ಜೋಡಿಸುವ ಹೊಣೆ ವಯಸ್ಸಾದ ತಾಯಿಯ ಹೆಗಲೇರಿದೆ. ಆಕೆ ಪ್ರತಿ ಸಲ ಒಂದು ದಿನದ ಕೂಲಿ ಕಳೆದುಕೊಂಡೇ ಹೊರಡಬೇಕು. ಇದು ಅನ್ಯಾಯ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಹೊಣೆಯನ್ನು ಮನೆಯವರಿಗೆ ಬಿಟ್ಟಿಲ್ಲ. ಆಸ್ಪತ್ರೆಯಿಂದ ಬಿಡುಗಡೆಗೆ ಮೊದಲೇ, ಮುಂದೆ ನೋಡಿಕೊಳ್ಳುವ ವೈದ್ಯರ ಜೊತೆ ಮಾತಾಡಿ ಯೋಜನೆ ರೂಪಿಸಬೇಕೆಂದು ಅದರ 98ನೇ ಸೆಕ್ಷನ್ ಹೇಳುತ್ತದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧ ಸದಾ ಉಚಿತವಾಗಿ ಸಿಗಬೇಕೆಂದೂ ಹೇಳುತ್ತದೆ. ಎರಡು ವಾರ ಮಾತ್ರೆ ತಪ್ಪಿದರೂ ಎಷ್ಟೋ ಮಂದಿಗೆ ಕಾಯಿಲೆ ಮರುಕಳಿಸೀತು; ಮತ್ತೆ ಅದೇ ಬಸ್ಸು, ಅದೇ ಸಾಲು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ 1980ರ ದಶಕದಲ್ಲಿ ದೇಶಕ್ಕೇ ಮಾದರಿ ಕೊಟ್ಟದ್ದು ನಮ್ಮ ಬಳ್ಳಾರಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ರೋಗಿಗಳನ್ನು ಅವರ ಊರಲ್ಲೇ ವರ್ಷಗಟ್ಟಲೆ ಹಿಂಬಾಲಿಸಿ ಚಿಕಿತ್ಸೆ ಕೊಟ್ಟಿದೆ. ರಾಜಧಾನಿಯ ಮಗ್ಗುಲಲ್ಲೇ ಇರುವ ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಿಗೆ ಅಷ್ಟಾದರೂ ಸಿಗಬೇಕು. ತಾಲ್ಲೂಕಿಗೊಬ್ಬ ಮನೋಸಾಮಾಜಿಕ ಕಾರ್ಯಕರ್ತರನ್ನು ಸರ್ಕಾರ ನೇಮಿಸಲಿ. ಅವರ ಹೆಸರು, ಫೋನ್ ಸಂಖ್ಯೆ ಬಿಡುಗಡೆಯ ಚೀಟಿಯ ಮೇಲೇ ಇರಲಿ. ಔಷಧಕ್ಕೆ ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಅದೇ ವಾರ ಹೋಗುವಂತಾಗಲಿ, ಆ ಕೆಲಸಕ್ಕೆ ಆಕೆಗೆ ಪ್ರತ್ಯೇಕ ಗೌರವಧನ ಸಿಗಲಿ.