ತಾಳ ತಪ್ಪಿದ ಹೃದಯವೂ ಕಲಬುರಗಿಯ ದಾರಿಯೂ

ಸುರಪುರದ ಸೀಮೆಯಲ್ಲಿ ಒಬ್ಬಾತನು ‘ಎದಿ ಬಡ್ಕೊಳ್ಳಾಕತ್ತದ’ ಎಂದರೆ, ‘ಗ್ಯಾಸ್ ಆಗ್ಯಾದ, ಸೋಡಾ ಕುಡಿ’ ಎಂದು ಮನೆಯವರು ಹೇಳುವುದು ಲೋಕರೂಢಿ. ಎಷ್ಟೋ ವೇಳೆ ಅದು ದಿಟವೂ ಆಗಿರಬಹುದು. ಆದರೆ ಹಿಂದೊಮ್ಮೆ ಹೃದಯಾಘಾತಕ್ಕೆ ಸಿಲುಕಿ ಬದುಕಿ ಬಂದವನ ಎದೆ ಹಾಗೆ ಬಡಿದುಕೊಂಡು, ತಣ್ಣನೆಯ ಬೆವರೊಡೆದು ಕಣ್ಣು ಕತ್ತಲೆಗೂಡಿತೆಂದರೆ ಸೋಡಾದ ಮಾತು ಸಲ್ಲದು.

ಅಂಥವನ ಹೃದಯಸ್ನಾಯುವಿನಲ್ಲಿ ಹಳೆಯ ಗಾಯದ ಕಲೆ ಉಳಿದಿರುತ್ತದೆ. ವಿದ್ಯುತ್ಪ್ರೇರಣೆಯು ಆ ಕಲೆಯನ್ನು ದಾಟಲಾರದೆ, ಅದರ ಅಂಚಿನ ಅರೆಜೀವದ ತಂತುಗಳಲ್ಲಿ ಮೆಲ್ಲನೆ ನುಸುಳಿ, ಗಾಣದ ಎತ್ತಿನಂತೆ ಅದನ್ನೇ ಸುತ್ತತೊಡಗಿ, ಸುತ್ತಿಗೊಮ್ಮೆ ಹೃದಯವನ್ನು ಬಡಿಯಿಸುತ್ತದೆ. ನಿಮಿಷಕ್ಕೆ 72ರ ಆಸುಪಾಸಿನಲ್ಲಿರಬೇಕಾದ ಬಡಿತವು 180ಕ್ಕೂ ಏರಿ, ರಕ್ತ ತುಂಬಿಕೊಳ್ಳುವಷ್ಟು ಬಿಡುವೂ ಇಲ್ಲದ ಹೃದಯವು ಬರಿದೇ ಕುಣಿಯುತ್ತದೆ. ಇದನ್ನು ನಿಲ್ಲಿಸಲು ಮೈ ಎಗರುವಂಥ ಶಾಕೇ ಬೇಕೆಂಬುದು ಸಿನಿಮಾ ಕಲಿಸಿದ ಪಾಠ. ವಸ್ತುತಃ ಆ ಓಟಕ್ಕಿಂತ ತುಸುವೇ ವೇಗವಾಗಿ ಎಂಟು ಹತ್ತು ಸಣ್ಣ ಮಿಡಿತಗಳನ್ನು ತಂತಿಯ ಮೂಲಕ ಕೊಟ್ಟರೆ, ಅವು ಸುತ್ತುದಾರಿಯನ್ನು ಮೊದಲೇ ಆಕ್ರಮಿಸುತ್ತವೆ. ಆಗತಾನೇ ಮಿಡಿದ ಸ್ನಾಯುವು ಕ್ಷಣಕಾಲ ಮತ್ತಾವ ಪ್ರೇರಣೆಗೂ ಓಗೊಡದಾದ್ದರಿಂದ ಸುತ್ತಿ ಬಂದ ಅಲೆಯು ಅಲ್ಲಿಯೇ ನಂದುತ್ತದೆ. ರೋಗಿಗೆ ಅನೇಕ ವೇಳೆ ಇದರ ಅರಿವೇ ಆಗದು. ಇದೇ ಉಪಾಯವು ಕೆಲವೊಮ್ಮೆ ಓಟವನ್ನು ಇನ್ನಷ್ಟು ಕೆರಳಿಸುವುದೂ ಉಂಟು; ಆದಕಾರಣ ಶಾಕಿನ ಯಂತ್ರವು ಪಕ್ಕದಲ್ಲಿಯೇ ಇರತಕ್ಕದ್ದು.

ಇಂಥ ಓಟವನ್ನು ತಡೆಯಲೆಂದು 1980ರಲ್ಲಿ ವೈದ್ಯ ಮಿರೋವ್ಸ್ಕಿಯವರ ಪ್ರಯತ್ನದಿಂದ ಬಾಲ್ಟಿಮೋರಿನಲ್ಲಿ ಪ್ರಪ್ರಥಮವಾಗಿ ಮನುಷ್ಯದೇಹದೊಳಗೆ ಹುದುಗಿಸಲ್ಪಟ್ಟ ಯಂತ್ರವು ಶಾಕನ್ನು ಮಾತ್ರ ಬಲ್ಲುದಾಗಿತ್ತು. ಇಂದಿನವು ಸಾಮಾನ್ಯವಾಗಿ ಮಿಡಿತದಿಂದಲೇ ಯತ್ನಿಸಿ, ಅದು ಫಲಿಸದಿದ್ದಲ್ಲಿ ಶಾಕಿಗೆ ಕೈಹಾಕುತ್ತವೆ. ಅವು ಲಕ್ಷಗಟ್ಟಲೆ ಬೆಲೆಯವು, ದೊಡ್ಡ ಕೇಂದ್ರಗಳಿಗೇ ಸಲ್ಲತಕ್ಕವು. ನಾನು ಬೇಡುತ್ತಿರುವುದು ಅದನ್ನಲ್ಲ. ಕೊರಳಿನ ಇಲ್ಲವೆ ತೊಡೆಸಂದಿನ ರಕ್ತನಾಳದಲ್ಲಿ ತೂರಿಸುವ ಒಂದು ತೆಳುತಂತಿ, ಹೊರಗೆ ಕೈಯಲ್ಲಿ ಹಿಡಿಯಬಹುದಾದ ಒಂದು ಪೆಟ್ಟಿಗೆ: ಹೀಗೆ ತಂತಿಯಿಂದ ಮಿಡಿತ ಕೊಡುವ ತಾತ್ಕಾಲಿಕ ಪೇಸಿಂಗಿಗೆ ಬೇಕಾದ ಮುಖ್ಯ ಸಾಮಗ್ರಿ ಇಷ್ಟೇ. ಬಡಿತ ಕುಂದಿ ಕುಂದಿ ತಾಳಗೆಡುವ ಹೃದಯವನ್ನೂ ಇದೇ ತಂತಿ ಕಾಯಬಲ್ಲುದು.

ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯು ತಾಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರ ಕಣ್ಣಿಗೆ ಮುಟ್ಟಿಸಿದುದು ಸ್ತುತ್ಯವೇ ಸರಿ. ಆದರೆ ಕಣ್ಣು ಕಂಡುದನ್ನು ಮಾಡುವ ಕೈ ದೂರದಲ್ಲಿದ್ದರೆ ಫಲವೇನು? ಸುರಪುರದಿಂದ ಹೊರಟ ರೋಗಿಯು ಶಹಾಪುರ, ಜೇವರ್ಗಿಗಳನ್ನು ಹಾಯ್ದು, ಕಟ್ಟಿಸಂಗಾವಿಯಲ್ಲಿ ಭೀಮೆಯನ್ನು ದಾಟಿ ಕಲಬುರಗಿಯ ಜಯದೇವ ಆಸ್ಪತ್ರೆಯನ್ನು ಸೇರುವುದೆಂದರೆ ನೂರು ಕಿಲೋಮೀಟರಿಗೂ ಮಿಕ್ಕ ಪಯಣ. ಹೃದಯದ ಈ ಓಟವು ಅಷ್ಟು ಹೊತ್ತು ಕಾಯಬೇಕೆಂಬ ನಿಯಮವಿಲ್ಲ. 2009ರ ಕೊನೆಗೆ ಸುರಪುರವನ್ನೊಳಗೊಂಡ ಜಿಲ್ಲೆಯಾಗಿ, ಈಗ ಸರಕಾರಿ ವೈದ್ಯಕೀಯ ಕಾಲೇಜನ್ನೂ ಪಡೆದಿರುವ ಯಾದಗಿರಿಯಲ್ಲಿ ಹಗಲಿರುಳೆನ್ನದೆ ಈ ತಂತಿಯೂ, ಅದನ್ನು ತೂರಿಸಬಲ್ಲ ವೈದ್ಯನೂ ದೊರಕುವಂತೆ ಆರೋಗ್ಯ ಇಲಾಖೆಯು ಲಿಖಿತ ಭರವಸೆ ಕೊಡಲಿ. ನಮ್ಮ ಶಾಸಕರು ಅದನ್ನು ಸದನದಲ್ಲಿ ಕೇಳಲಿ.